ಕೋವಿಯ ನಳಿಗೆಯೂ ಪ್ರಭುತ್ವದ ಅಳತೆಗೋಲೂ

ಬೇಟೆಯ ಸಾಹಿತ್ಯವನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಕಡೆಗಣಿಸುವ ವಿವರವೊಂದಿದೆ. ಅದು ಕೋವಿಯ ನಳಿಗೆಯ ಅಳತೆ. ಹನ್ನೆರಡು ಬೋರು, .405, .450 ಎಂಬ ಅಂಕಿಗಳು ಕಥನದ ನಡುವೆ ಬಂದುಹೋಗುತ್ತವೆ. ಓದುಗನು ಅವುಗಳನ್ನು ದಾಟಿ ಹುಲಿಯ ಹೆಜ್ಜೆಯನ್ನು ಹಿಂಬಾಲಿಸುತ್ತಾನೆ. ಮೃಗದ ಗಾತ್ರಕ್ಕೆ ತಕ್ಕಂತೆ ಬೇಟೆಗಾರನು ಆಯುಧವನ್ನು ಆರಿಸಿಕೊಳ್ಳುತ್ತಿದ್ದನೆಂಬುದು ರೂಢಿಯ ತಿಳಿವಳಿಕೆ. ಆದರೆ ಕನ್ನಡ ನಾಡಿನ ದೊಡ್ಡ ಬೇಟೆಯ ಇತಿಹಾಸವನ್ನು ಪರಿಶೀಲಿಸಿದಾಗ ಈ ಆಯ್ಕೆಯಲ್ಲಿ ಮೃಗದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಪ್ರಭುತ್ವದ ಕೈಯಿದ್ದುದು ಕಂಡುಬರುತ್ತದೆ.

ಮೊದಲಿಗೆ ಅಳತೆಯ ಮಾತು. ಹಳೆಯ ಕೋವಿಗಳ 'ಬೋರು' ಮೂಲತಃ ತೂಕದ ಲೆಕ್ಕದಿಂದ ಹುಟ್ಟಿದ್ದು. ನಳಿಗೆಗೆ ಸರಿಹೊಂದುವ ಎಷ್ಟು ಉರುಟು ಗುಂಡುಗಳನ್ನು ಒಂದು ಪೌಂಡು ಸೀಸದಿಂದ ಎರಕ ಹೊಯ್ಯಬಹುದೋ ಅದೇ ಬೋರಿನ ಸಂಖ್ಯೆ. ಆದುದರಿಂದ ಸಂಖ್ಯೆ ಇಳಿದಂತೆ ನಳಿಗೆ ಹಿಗ್ಗುತ್ತದೆ. ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ. ನಾಲ್ಕು ಬೋರಿನದು ಕಾಲು ಪೌಂಡು, ಅಂದರೆ 113 ಗ್ರಾಂ. ಅದರ ನಳಿಗೆಯ ವ್ಯಾಸ ಒಂದು ಅಂಗುಲಕ್ಕೂ ತುಸು ಹೆಚ್ಚು. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಾಚೆಗೆ ಏರಿಸಲು ಸಾಧ್ಯವಿರಲಿಲ್ಲ. ಹೊಡೆತದ ಬಲ ಬೇಕಾದರೆ ಸೀಸದ ತೂಕವನ್ನೇ ಹೆಚ್ಚಿಸಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು, ಮುಂದೆ ಖೆಡ್ಡಾ ಕಾರ್ಯಾಚರಣೆಗಳಿಂದ ಹೆಸರಾದ ಜಿ. ಪಿ. ಸ್ಯಾಂಡರ್ಸನ್, 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಆನೆ ಕಾಟಿಗಳಂತಹ ಭಾರೀ ಮೃಗಗಳಿಗೆ ಫಿರಂಗಿಯ ಜಾತಿಯ ಆಯುಧವೇ ಬೇಕೆಂದು ವಾದಿಸುತ್ತಾನೆ. ಸ್ವತಃ ನಾಲ್ಕು ಬೋರಿನ ಕೋವಿಯನ್ನು ಬಳಸುತ್ತಿದ್ದುದಾಗಿಯೂ ಹೇಳುತ್ತಾನೆ. ಇಲ್ಲಿ ಆಯ್ಕೆಯನ್ನು ನಿರ್ಧರಿಸಿದ್ದು ಮದ್ದಿನ ಗುಣ ಮತ್ತು ಆನೆಯ ತಲೆಬುರುಡೆ. ಕಾನೂನಿಗೆ ಅದರಲ್ಲಿ ಹೆಚ್ಚಿನ ಪಾಲಿರಲಿಲ್ಲ.

ಹೊಗೆರಹಿತ ಮದ್ದಿನ ಆಗಮನದಿಂದ ಈ ಲೆಕ್ಕಾಚಾರ ತಲೆಕೆಳಗಾಯಿತು. 1898ರಲ್ಲಿ ರಿಗ್ಬಿ ಸಂಸ್ಥೆ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ಕೇವಲ 31 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 655 ಮೀಟರ್ ವೇಗದಲ್ಲಿ ಕಳುಹಿಸುತ್ತಿತ್ತು. ಗಟ್ಟಿ ಲೋಹದ ಕವಚವುಳ್ಳ ಗುಂಡು ಮೂಳೆಯನ್ನು ಭೇದಿಸಿ ಒಳಹೋಗುತ್ತಿದ್ದುದರಿಂದ ಅಂಗುಲ ವ್ಯಾಸದ ನಳಿಗೆಯ ಅಗತ್ಯವೇ ಉಳಿಯಲಿಲ್ಲ. ದೊಡ್ಡ ಬೇಟೆಗೆ .450 ಪ್ರಮಾಣವೆನಿಸುವಷ್ಟರಲ್ಲಿ, 1907ರ ಹೊತ್ತಿಗೆ, ಬ್ರಿಟಿಷ್ ಸರಕಾರವು ಭಾರತದಲ್ಲಿ ಆ ಅಳತೆಯನ್ನು ನಿಷೇಧಿಸಿತು. ಕಾರಣ ಕಾಡಿನಲ್ಲಿರಲಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕು ಕೂಡ .450 ವ್ಯಾಸದ್ದೇ. ಬೇಟೆಗೆಂದು ತರಿಸಿದ ಸಾಮಗ್ರಿ ಬಂಡಾಯಗಾರರ ಕೈಯಲ್ಲಿದ್ದ ಸೈನ್ಯದ ಬಂದೂಕುಗಳಿಗೆ ಒದಗಬಹುದೆಂಬ ಭೀತಿ ಅಧಿಕಾರಿಗಳಿಗಿತ್ತು.

ಇಂಗ್ಲೆಂಡಿನ ಕೋವಿ ತಯಾರಕರು ಇದಕ್ಕೆ ಕಂಡುಕೊಂಡ ಪರಿಹಾರ ಸ್ವಾರಸ್ಯಕರವಾಗಿದೆ. .465, .470, .475, .476 ಎಂಬ ಅಳತೆಗಳು ಒಂದರ ಬೆನ್ನಿಗೊಂದು ಮಾರುಕಟ್ಟೆಗೆ ಬಂದವು. ಬಲದಲ್ಲಿ ಇವುಗಳಿಗೂ .450ಕ್ಕೂ ಇದ್ದ ಅಂತರ ಅತ್ಯಲ್ಪ. ಆನೆಯ ಪಾಲಿಗಂತೂ ಎಲ್ಲವೂ ಒಂದೇ. ಬಿಡಿಯಾಗಿ ನೋಡಿದರೆ ಅರ್ಥವಾಗದ ಈ ಸಂಖ್ಯೆಗಳ ಗುಂಪು, ನಿಷೇಧದ ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ ತಾನಾಗಿ ಅರ್ಥ ಬಿಟ್ಟುಕೊಡುತ್ತದೆ. ಜಿಮ್ ಕಾರ್ಬೆಟ್ ಬಳಸಿದ .450/400 ಜೋಡುನಳಿಗೆಯ ಹೆಸರಿನಲ್ಲಿ ನಿಷಿದ್ಧ ಸಂಖ್ಯೆ ಇದ್ದರೂ ಅದು ಮೂಲ ತೋಟಾ ಕೋಶದ ಗುರುತು ಮಾತ್ರ, ನಳಿಗೆ.400ರದು. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಸರಣಿಯಿಂದ ಕನ್ನಡಿಗರಿಗೆ ಪರಿಚಿತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್‌ನ (1910-1974) ನೆಚ್ಚಿನ ಆಯುಧ ಅಮೆರಿಕದ .405 ವಿಂಚೆಸ್ಟರ್. 1904ರಲ್ಲಿ ಬಂದ ಆ ತೋಟಾದ ಗುಂಡು 19 ಗ್ರಾಂನಷ್ಟು. ಹುಲಿ ಚಿರತೆಗಳಿಗೆ ಧಾರಾಳ, ಆನೆಗೆ ಸ್ವಲ್ಪ ಕಡಿಮೆಯೆಂದೇ ಹೇಳಬೇಕು.

ಇದುವರೆಗಿನ ಮಾತು ಆರಿಸಿಕೊಳ್ಳುವ ಅವಕಾಶವಿದ್ದವರದು. ರೈತನ ಸ್ಥಿತಿ ಬೇರೆ. 1857ರ ನಂತರದ ನಿಶ್ಶಸ್ತ್ರೀಕರಣ, ಅನಂತರ 1878ರ ಆಯುಧ ಕಾಯ್ದೆ, ಇವುಗಳ ನೆರಳಿನಲ್ಲಿ ಹೊಲ ಕಾಯುವವನ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಕೊಡಗು ಇದಕ್ಕೆ ಪ್ರಸಿದ್ಧ ಅಪವಾದ. 1861ರಲ್ಲಿ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿ, ಸ್ವಾತಂತ್ರ್ಯಾನಂತರವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿದು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಸಮ್ಮತಿಯನ್ನೂ ಪಡೆಯಿತು. ಕೈಲ್‌ಮುಹೂರ್ತದಂದು ಪೂಜೆಗೊಳ್ಳುವ ಕೋವಿಯ ಹಿಂದೆ ಈ ರಾಜಕೀಯ ಚರಿತ್ರೆಯೂ ಇದೆ.

ಉಳಿದೆಡೆಯ ರೈತನ ದುರ್ಬಲ ಕೋವಿ ಮತ್ತೊಂದು ಚರ್ಚೆಗೆ ಎಡೆಮಾಡುತ್ತದೆ. ನರಭಕ್ಷಕ ಮೃಗಗಳ ಕಥನಗಳಲ್ಲಿ, ಹಳೆಯ ಗುಂಡೇಟಿನಿಂದ ಊನಗೊಂಡ ಹುಲಿಯೇ ಮನುಷ್ಯನತ್ತ ತಿರುಗಿತೆಂಬ ವಿವರಣೆ ಪದೇ ಪದೇ ಬರುತ್ತದೆ. 1907ರಲ್ಲಿ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಭಾಗದ ಕೋರೆಹಲ್ಲುಗಳು ಗುಂಡೇಟಿಗೆ ಮುರಿದಿದ್ದವು. ಆಂಡರ್ಸನ್‌ನ ಬರಹಗಳಲ್ಲಿಯೂ ದೂರು ಹಲವು ಬಾರಿ ಹಳ್ಳಿಗನ ಕೋವಿಯ ಮೇಲೆ ಬೀಳುತ್ತದೆ. ದೂರು ಸುಳ್ಳಲ್ಲ. ಆದರೆ ಅರ್ಧ ಕೊಲ್ಲುವ ಆಯುಧವನ್ನು ಹಳ್ಳಿಗನು ಇಷ್ಟಪಟ್ಟು ಆರಿಸಿಕೊಂಡನೆಂಬ ಧ್ವನಿ ಅದರಲ್ಲಿದ್ದರೆ ಒಪ್ಪಲಾಗದು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ 13ನೆಯ ವಿಧಿಯನ್ನೇ ನೋಡಬಹುದು: ಬೆಳೆ ರಕ್ಷಣೆಗೆ ಬಾಯಿ ತುಂಬುವ ಕೋವಿ ಸಾಲದೆಂದು ಪರವಾನಗಿ ನೀಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿಗೆ ಅನುಮತಿ ಕೊಡಬಹುದೆಂದು ಅದು ಹೇಳುತ್ತದೆ. ಸಾಲದೆಂದು ತೋರಿಸಿಕೊಡುವ ಹೊಣೆ ಹಂದಿಯ ಎದುರು ನಿಂತವನದು.

ಸೈನ್ಯದ ಅಳತೆಯನ್ನು ಪ್ರಜೆಗೆ ಕೊಡಬಾರದೆಂಬ ನೀತಿಯೂ ಮುಂದುವರಿಯಿತು. .303 ನಿಷಿದ್ಧ ಬೋರಾಗಿಯೇ ಉಳಿದು, ಇಛಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ .315ರ ಬೇಟೆ ರೈಫಲನ್ನು ತಯಾರಿಸಿತು. ಸೈನ್ಯದ ತೋಟಾ ಅದರಲ್ಲಿ ಕೂರುವುದಿಲ್ಲ. ಅದರ ಮುಖ್ಯ ಅರ್ಹತೆಯೇ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ರೈಫಲಿಗೆ ಕಾಡಿನಲ್ಲಿ ಕೆಲಸ ಉಳಿಯಲಿಲ್ಲ. ಪರವಾನಗಿಯ ಕಾಗದದಲ್ಲಿ ಬೋರಿನ ಸಂಖ್ಯೆಯನ್ನು ನಮೂದಿಸುವ ಅಂಕಣ ಮಾತ್ರ ಹಾಗೆಯೇ ಇದೆ.