ಜೋಗದ ತುಂತುರಿನ ಹುಲ್ಲು

ನಮ್ಮ ಪವಾಯಿ ಕೆರೆಗೆ ಒಡ್ಡು ಹಾಕಿದ್ದು ೧೮೯೧ರಲ್ಲಿ. ಕಣಿವೆಯಲ್ಲಿ ನೀರು ನಿಂತಾಗ ಅಲ್ಲಿದ್ದ ಗಿಡಗಂಟಿಗಳೂ ಮುಳುಗಿದವು. ಏನೇನು ಮುಳುಗಿತು ಎಂದು ಕೇಳಿದರೆ ಪೂರ್ತಿ ಉತ್ತರ ಸಿಗಲಾರದು. ಆದರೆ ಮುಂಬಯಿ ಮತ್ತು ಸುತ್ತಮುತ್ತಲಿನ ಸಸ್ಯಗಳ ಪಟ್ಟಿಯೊಂದು ಅದಕ್ಕೂ ಅರ್ಧ ಶತಮಾನ ಮೊದಲೇ, ೧೮೩೯ರಲ್ಲಿ, ಅಚ್ಚಾಗಿತ್ತು. ಅದನ್ನು ಸಿದ್ಧಪಡಿಸಿದವನು ಅಂಚೆ ಇಲಾಖೆಯ ಡೆಪ್ಯುಟಿ ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ಗ್ರಹಾಂ. ಪುಸ್ತಕ ಮುಗಿಯುವ ಮುನ್ನವೇ ಆತ ತೀರಿಕೊಂಡ. ಉಳಿದ ಭಾಗವನ್ನು ಜೋಸೆಫ್ ನಿಮ್ಮೊ ಎಂಬಾತ ಪೂರೈಸಿದ. ನೀರು ನಿಲ್ಲುವ ಮೊದಲೇ ಯಾರಾದರೂ ಇದ್ದದ್ದನ್ನು ಬರೆದಿಟ್ಟರೆ ಮುಂದಿನವರಿಗೆ ಎಷ್ಟು ಉಪಕಾರ ಎಂಬುದಕ್ಕೆ ನಮ್ಮ ಜೋಗದ ಒಂದು ಹುಲ್ಲಿನ ಚರಿತ್ರೆಯೇ ಸಾಕ್ಷಿ.

ಉತ್ತರ ಕನ್ನಡ ಜಿಲ್ಲೆ ೧೮೬೨ರಿಂದ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಕಾಲದಲ್ಲಿ ಕಾರವಾರ, ಕುಮಟಾ, ಸಿರ್ಸಿಗಳಿಂದ ಇಲ್ಲಿಗೆ ಬಂದ ನಮ್ಮ ಹಿರಿಯರು ತಮ್ಮದೇ ರಾಜಧಾನಿಗೆ ಬಂದಿದ್ದರು ಎನ್ನಬೇಕು. ಜೋಗದ ಬಳಿ ಶರಾವತಿಯ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ದಡ ಮುಂಬಯಿ ಇಲಾಖೆ. ಆದ್ದರಿಂದಲೇ ಜೋಗದ ಹುಲ್ಲಿನ ಕಥೆಯಲ್ಲಿ ಬರುವ ಮೊದಲ ಇಬ್ಬರೂ ಮುಂಬಯಿ ಸರಕಾರದ ನೌಕರರು.

ಒಬ್ಬರು ಟಿ. ಆರ್. ಡಿ. ಬೆಲ್, ಅರಣ್ಯ ಇಲಾಖೆಯವರು. ಉತ್ತರ ಕನ್ನಡದ ಕಾಡುಗಳಲ್ಲಿ ಬಹುಕಾಲ ಅಲೆದವರು; ಚಿಟ್ಟೆ ಪತಂಗಗಳ ವಿಷಯದಲ್ಲಿ ದೊಡ್ಡ ತಜ್ಞರು. ನಿವೃತ್ತರಾದ ಮೇಲೂ ಕಾರವಾರದಲ್ಲೇ ನೆಲೆಸಿ ೧೯೪೮ರಲ್ಲಿ ತೀರಿಕೊಂಡರು. ಇನ್ನೊಬ್ಬರು ಐ.ಸಿ.ಎಸ್. ಅಧಿಕಾರಿ ಎಲ್. ಜೆ. ಸೆಜ್‌ವಿಕ್. ೧೯೨೧ರ ಜನಗಣತಿಯಲ್ಲಿ ಮುಂಬಯಿ ಪ್ರಾಂತದ ವರದಿಯನ್ನು ಬರೆದವರು ಇವರೇ. ಜನರನ್ನು ಎಣಿಸುವ ಅಧಿಕಾರಿ ಬಿಡುವಿನಲ್ಲಿ ಹುಲ್ಲುಗಳನ್ನೂ ಎಣಿಸುತ್ತಿದ್ದರು!

೧೯೧೯ರಲ್ಲಿ ಇವರಿಬ್ಬರೂ ಗೇರುಸೊಪ್ಪೆಯ ಜಲಪಾತದಿಂದ (ಆಂಗ್ಲರು ಜೋಗವನ್ನು ಕರೆಯುತ್ತಿದ್ದುದು ಹಾಗೆಯೇ) ಒಂದು ಸಣ್ಣ ಹುಲ್ಲನ್ನು ತಂದರು. ೨೫೩ ಮೀಟರು ಎತ್ತರದಿಂದ ಬೀಳುವ ನೀರಿನ ತುಂತುರು ಸದಾ ತೋಯಿಸುವ ಬಂಡೆಗಳ ಮೇಲೆ ಬೆಳೆಯುವ ಮೃದುವಾದ ಹುಲ್ಲು ಅದು. ಹುಲ್ಲೂ ಹೂ ಬಿಡುವ ಸಸ್ಯವೇ ಎಂಬುದನ್ನು ನಾವು ಮರೆಯುತ್ತೇವೆ. ಅದನ್ನು ಒತ್ತಿ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ, ಸ್ಥಳ, ದಿನಾಂಕ, ಸಂಖ್ಯೆ ಬರೆದಿಟ್ಟರು. ಹೆಸರಿನ ಜಾಗ ಮಾತ್ರ ತುಂಬಲಿಲ್ಲ.

ಹೊಸ ಸಸ್ಯ ಸಿಕ್ಕಿತೆಂದರೆ ಶೋಧ ಮುಗಿಯಿತೆಂದು ಸಾಮಾನ್ಯರ ತಿಳಿವಳಿಕೆ. ಆಫ್ರಿಕದ ಕಾಡಿನ ಹೂವಾಗಲಿ, ಜೋಗದ ಹುಲ್ಲಾಗಲಿ, ನಿಯಮ ಒಂದೇ. ಅದು ಈಗಾಗಲೇ ಹೆಸರಿರುವ ಯಾವ ಸಸ್ಯವೂ ಅಲ್ಲವೆಂದು ಹೋಲಿಸಿ ತೋರಿಸಬೇಕು. ಅದರ ಲಕ್ಷಣಗಳನ್ನು ಬರೆದು ಪ್ರಕಟಿಸಬೇಕು. ೧೯೩೫ರಿಂದ ೨೦೧೧ರವರೆಗೆ ಈ ವಿವರಣೆ ಲ್ಯಾಟಿನ್ ಭಾಷೆಯಲ್ಲೇ ಇರಬೇಕಿತ್ತು. ೨೦೧೨ರಿಂದ ಇಂಗ್ಲಿಷಾದರೂ ನಡೆಯುತ್ತದೆ. ಕೊನೆಗೆ ಒಂದು ಒಣ ಮಾದರಿಯನ್ನು ಆ ಹೆಸರಿಗೆ ಪ್ರಮಾಣವೆಂದು ಗೊತ್ತುಪಡಿಸಬೇಕು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಮೂಲ ಪ್ರತಿ. ಮುಂದೆ ತಕರಾರು ಬಂದಾಗಲೆಲ್ಲ ಅದನ್ನೇ ತೆಗೆದು ನೋಡಬೇಕು.

ಜೋಗದ ಹುಲ್ಲಿಗೆ ಈ ಭಾಗ್ಯ ಬಂದದ್ದು ೧೯೫೧ರಲ್ಲಿ. ಡೆಹರಾಡೂನಿನಲ್ಲಿ ಅರಣ್ಯ ಸಸ್ಯವಿಜ್ಞಾನಿಯಾಗಿದ್ದು, ಆಮೇಲೆ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋದ ಎನ್. ಎಲ್. ಬೋರ್ ಅದನ್ನು ಪರೀಕ್ಷಿಸಿದರು. ಗೊತ್ತಿದ್ದ ಯಾವ ಕುಲಕ್ಕೂ ಅದು ಒಗ್ಗಲಿಲ್ಲ. ಹೊಸ ಕುಲವನ್ನೇ ಸ್ಥಾಪಿಸಿ, ಕ್ಯೂನ ಹುಲ್ಲುತಜ್ಞ ಸಿ. ಇ. ಹಬರ್ಡ್ ಅವರ ಗೌರವಾರ್ಥ ‘ಹಬರ್ಡಿಯ ಹೆಪ್ಟಾನ್ಯೂರಾನ್’ ಎಂದು ಹೆಸರಿಟ್ಟರು. ಎರಡನೆಯ ಪದಕ್ಕೆ ‘ಏಳು ನರಗಳುಳ್ಳದ್ದು’ ಎಂದರ್ಥ. ಬಂಡೆಯಿಂದ ಪತ್ರಿಕೆಗೆ ಬರಲು ಮೂವತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಸೆಜ್‌ವಿಕ್ ೧೯೨೫ರಲ್ಲೇ ಕಾಲವಾಗಿದ್ದರು. ತಾವು ತಂದದ್ದು ಏನೆಂದು ತಂದವರಿಬ್ಬರಿಗೂ ತಿಳಿಯಲೇ ಇಲ್ಲ.

ಅಷ್ಟರಲ್ಲಿ ಜೋಗವೂ ಬದಲಾಗುತ್ತಿತ್ತು. ೧೯೪೮ರಲ್ಲಿ ಅಲ್ಲಿ ವಿದ್ಯುದಾಗಾರ ಆರಂಭವಾಯಿತು. ೧೯೬೪ರಲ್ಲಿ ಮೇಲುಭಾಗದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು, ಕಾರ್ಖಾನೆಗಳು ಓಡಿದವು; ಮುಳುಗಡೆಯಾದ ಊರುಗಳವರು ಮನೆಮಠ ಬಿಟ್ಟು ಎದ್ದರು. ಜಲಪಾತದ ಧಾರೆ ಕುಗ್ಗಿ, ತುಂತುರು ಕಡಿಮೆಯಾಯಿತು. ಹುಡುಕಿದವರಿಗೆ ಆ ಹುಲ್ಲು ಸಿಗಲಿಲ್ಲ. ಅಣೆಕಟ್ಟಿನಿಂದಾಗಿಯೇ ಅದು ಅಳಿಯಿತೆಂದು ಸಸ್ಯಜ್ಞರು ನಂಬಿದರು. ವಿದ್ಯುತ್ತು ಬೇಡವಾಗಿತ್ತೆಂದು ದೀಪದ ಕೆಳಗೆ ಕುಳಿತು ಬರೆಯುವುದು ನ್ಯಾಯವಲ್ಲ. ಆದರೆ ತೆತ್ತ ಬೆಲೆಯ ಲೆಕ್ಕವಾದರೂ ನಮಗೆ ಗೊತ್ತಿರಬೇಡವೇ? ಹಬರ್ಡಿಯದ ಮಟ್ಟಿಗೆ ಆ ಲೆಕ್ಕ ಉಳಿದದ್ದು ೧೯೧೯ರ ಆ ಕಾಗದದ ದೆಸೆಯಿಂದ.

ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಸಂತೋಷದ ಸಂಗತಿ. ಅಳಿದುಹೋಯಿತೆಂದಿದ್ದ ಹುಲ್ಲು ಈ ಶತಮಾನದಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ್ದು ಮಹಾರಾಷ್ಟ್ರದಲ್ಲಿ, ಕೊಲ್ಹಾಪುರ ಜಿಲ್ಲೆಯ ತಿಲ್ಲಾರಿಯ ಬಳಿ. ಬೆಳಗಾವಿಗೆ ದೂರವೇನೂ ಅಲ್ಲದ ಘಟ್ಟ ಅದು. ೨೦೧೨ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರು ಇದೇ ಕುಲಕ್ಕೆ ಸೇರಿದ, ಎರಡೇ ಕೇಸರಗಳುಳ್ಳ ಇನ್ನೊಂದು ಜಾತಿಯನ್ನೂ ಮಹಾರಾಷ್ಟ್ರದಿಂದಲೇ ವರ್ಣಿಸಿದರು. ಹೋಲಿಸಲು ಜೋಗದ ಮಾದರಿ ಇಲ್ಲದಿದ್ದರೆ ತಿಲ್ಲಾರಿಯದು ಯಾವುದೋ ಒಂದು ಹುಲ್ಲು ಎನಿಸಿಕೊಳ್ಳುತ್ತಿತ್ತು.

ಜೋಗದ ಸೀಮೆಯ ಕಾಡು ತನ್ನ ಗುಟ್ಟನ್ನೆಲ್ಲ ಬಿಟ್ಟುಕೊಟ್ಟಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಸಿಕ್ಕಿದ, ಗೇರಿನ ಬಳಗದ ಮರವೊಂದನ್ನು ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು ೨೦೦೦ದಲ್ಲಿ ವರ್ಣಿಸಿದರು. ಅದಕ್ಕಿಟ್ಟ ಹೆಸರು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’. ಕ್ಯೂನ ಪಂಡಿತರೂ ಈಗ ಕನ್ನಡದ ಕತ್ತಲೆಕಾನನ್ನು ಉಚ್ಚರಿಸಲೇಬೇಕು!

ನಮ್ಮ ನಗರದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬ್ಲಾಟರ್ ಸಸ್ಯಸಂಗ್ರಹವಿದೆ. ಸೆಜ್‌ವಿಕ್ ಮತ್ತು ಬೆಲ್ ಉತ್ತರ ಕನ್ನಡದಿಂದ ತಂದ ಸಸ್ಯಗಳು ಅಲ್ಲಿಯೂ ಇವೆ. ನಮ್ಮ ಮಕ್ಕಳಲ್ಲಿ ಸಸ್ಯಶಾಸ್ತ್ರ ಓದುವವರು ಒಮ್ಮೆ ಅತ್ತ ಹೋಗಿಬರಲಿ. ಮನೆಯಲ್ಲಿ ಊರಿನ ಅಜ್ಜಿಯಿದ್ದರೆ ಆಕೆ ಹೇಳುವ ಗಿಡಗಳ ಹೆಸರನ್ನೂ, ಅವು ಬೆಳೆಯುವ ಜಾಗವನ್ನೂ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಅದರ ಬೆಲೆ ತಿಳಿಯುವವರು ಮೂವತ್ತು ವರ್ಷದ ಮೇಲೆ ಬಂದರೂ ಬಂದಾರು.