ಅಡ್ರಿನಲ್ ಗಡ್ಡೆಯ ಗಾಜುಪಟ್ಟಿ: ಕೆಐ-67 ಬಣ್ಣಿಕೆ

ಮೂತ್ರಪಿಂಡದ ನೆತ್ತಿಯ ಮೇಲೆ ಕೂರುವ ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ ಬೆಳೆದ ಗಡ್ಡೆಯ ತುಣುಕು ಇದು. ಮೇಣದಲ್ಲಿ ಹುದುಗಿಸಿ, ಸುಮಾರು 4 ಮೈಕ್ರಾನ್ ತೆಳ್ಳಗೆ ಹೆರೆದು ಗಾಜಿಗೆ ಅಂಟಿಸುತ್ತಾರೆ.

ಸಾಧು ಗಡ್ಡೆಯೋ, ಕ್ಯಾನ್ಸರೋ? ಒಂದೇ ಗುರುತನ್ನು ನಂಬಿ ಹೇಳುವಂತಿಲ್ಲ. 1984ರ ವೈಸ್ ಪದ್ಧತಿಯ 9 ಲಕ್ಷಣಗಳಲ್ಲಿ 3 ಕಂಡರೆ ಕ್ಯಾನ್ಸರೆಂದು ಎಣಿಸುತ್ತಾರೆ. ಎಸ್‌ಎಫ್-1 ಎಂಬ ಗುರುತು ಗಡ್ಡೆಯ ಮೂಲವನ್ನು ತೋರಿಸುತ್ತದೆ, ಗುಣವನ್ನಲ್ಲ.

ಕಂದು ಚುಕ್ಕೆಗಳನ್ನು ನೋಡಿ. ವಿಭಜನೆಗೆ ಇಳಿದ ಕೋಶಗಳ ಕೇಂದ್ರಗಳವು; ನೀಲಿಯವು ಸುಮ್ಮನಿವೆ. ಕಂದು ಹಚ್ಚುವುದು 1983ರಲ್ಲಿ ಜರ್ಮನಿಯ ಕೀಲ್ ಸಂಶೋಧಕರು ವರದಿ ಮಾಡಿದ ಕೆಐ-67 ಗುರುತು. ಕಂದು ಕೇಂದ್ರಗಳು ನೂರಕ್ಕೆ ಐದನ್ನು ಮೀರಿದರೆ ಕ್ಯಾನ್ಸರಿನ ಅನುಮಾನ ಗಟ್ಟಿ.