ಕೆಟ್ಟಿದ್ದು ಆಯಿಯ ದನಿಯಲ್ಲ, ದನಿ ಬರುವ ದಾರಿ

ದಸರಾ ಮುಗಿದ ವಾರ ಭಾಲ್ಕಿಯಿಂದ ಕಾಕಾನ ಫೋನು ಬಂತು. "ತಮ್ಮಾ, ನೀ ಹೊಸಾದು ಹಾಕಿ ಹೋದಿ ನೋಡು, ಅವತ್ತಿನಿಂದ ಅವ್ವನ ದನಿ ಕೆಟ್ಟದ. ಪದಾ ಹಚ್ಚಿದ್ರ ಚರಚರ ಅಂತದ. ಮೊದಲಿನ ಮಾತೇ ಕೇಳಸವಲ್ದು."

"ಸ್ಪೀಕರ್ ವೈರ್ ಲೂಸ್ ಆಗಿರಬೇಕು ಕಾಕಾ, ದೀಪಾವಳಿಗಿ ಬಂದು ನೋಡ್ತೀನಿ" ಅಂದು ಫೋನ್ ಇಟ್ಟೆ. ಆ ಉಡಾಫೆ ಎಷ್ಟು ದುಬಾರಿ ಆಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಸ್ವಲ್ಪ ಹಿನ್ನೆಲೆ. ಆಯಿ ಅಂದರೆ ನನ್ನ ತಂದೆಯ ತಾಯಿ. ಔರಾದ್ ತಾಲ್ಲೂಕಿನವಳು. ಬೀಸುಕಲ್ಲಿನ ಪದ ಹಾಡುತ್ತಿದ್ದಳು. ನಾನು ಹುಟ್ಟುವ ಮೊದಲು ಕಾಕಾ ಟೇಪ್ ರೆಕಾರ್ಡರ್ ಇಟ್ಟು ಆಕೆಯ ಹನ್ನೊಂದು ಪದ ಹಿಡಿದಿದ್ದ, ಬೀಸುಕಲ್ಲಿನ ಮುಂದೆಯೇ ಕೂರಿಸಿ. ಆಮೇಲೆ ಅವೆಲ್ಲ ಕಂಪ್ಯೂಟರಿಗೆ ಬಂದವು, ಒಂದೊಂದು ಪದ ಒಂದೊಂದು ಫೈಲು. ನನಗೆ ಬುದ್ಧಿ ಬರುವ ಹೊತ್ತಿಗೆ ಆಯಿ ಇರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಆಯಿ ಅಂದರೆ ಆ ಹನ್ನೊಂದು ಫೈಲುಗಳೇ. ಕಾಕಾನ ಕಂಪ್ಯೂಟರ್ ಹಳೆಯದಾಯ್ತು ಅಂತ ಅದರ ಆಪರೇಟಿಂಗ್ ಸಿಸ್ಟಂ ಬದಲಿಸಿ ಹೋದವನೂ ನಾನೇ!

ಭಾಲ್ಕಿಗೆ ಹೋಗುವ ಮೊದಲು, ಸಿಸ್ಟಂ ಹೊಸದಾದಾಗಲೆಲ್ಲ ದನಿಯೇ ಯಾಕೆ ಕೈಕೊಡುತ್ತದೆ ಅಂತ ಹುಡುಕುತ್ತಾ ಕೂತೆ. ಅಲ್ಲಿ ಸಿಕ್ಕ ಇತಿಹಾಸ ಬಲು ಸ್ವಾರಸ್ಯವಾಗಿದೆ, ಕೇಳಿ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕಿದ್ದದ್ದು ಬೀಪ್ ಅನ್ನುವ ಒಂದು ಪುಟ್ಟ ಸ್ಪೀಕರ್ ಮಾತ್ರ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಾಹಾದ ಚಿಪ್ ಕೂರಿಸಿ ಸಂಗೀತದ ಕಾರ್ಡ್ ತಂದಿತು. ಅದು ವಾದ್ಯದ ದನಿಯನ್ನು ತಾನೇ ಹುಟ್ಟಿಸುತ್ತಿತ್ತು. ಮನುಷ್ಯನ ದನಿ ರೆಕಾರ್ಡ್ ಮಾಡಿ ನುಡಿಸುವುದು ಅದರ ಕೆಲಸ ಆಗಿರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ಅದರ ಜಾಣತನ ನೋಡಿ: ಆಟಗಳೆಲ್ಲ ಆಡ್‌ಲಿಬ್‌ಗಾಗಿ ಬರೆದಿದ್ದವು, ಅದಕ್ಕೇ ಇದು ಅದೇ ಯಮಾಹಾ ಚಿಪ್ ಇಟ್ಟುಕೊಂಡು ‘ನಾನೂ ಆಡ್‌ಲಿಬ್ಬೇ’ ಅಂತು. ಜೊತೆಗೆ ರೆಕಾರ್ಡ್ ಆದ ದನಿ ನುಡಿಸುವ ಶಕ್ತಿಯನ್ನೂ ತಂದಿತು. ಮುಂದೆ ಬೇರೆ ಕಂಪನಿಗಳ ಕಾರ್ಡುಗಳು ‘ನಾವು ಸೌಂಡ್ ಬ್ಲಾಸ್ಟರ್’ ಅನ್ನತೊಡಗಿದವು!

ಇದನ್ನು ಓದುವಾಗ ನನಗೆ ಭಾಲ್ಕಿ ಹಿರೇಮಠ ನೆನಪಾಯ್ತು. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಕಂಪ್ಯಾಟಿಬಿಲಿಟಿ ಅಂತಾರೆ ಅಷ್ಟೇ :-)

ಆಗಿನ ತಾಪತ್ರಯ ಬೇರೆ ಥರ. ಕಾರ್ಡಿನ ಮೇಲೆ ಜಂಪರ್ ಕೂರಿಸಿ ವಿಳಾಸ, ಇಂಟರಪ್ಟ್ ನಂಬರ್ ಎಲ್ಲ ನಾವೇ ಗೊತ್ತು ಮಾಡಬೇಕು, ಅದನ್ನೇ ಡಾಸ್‌ನಲ್ಲೂ ಬರೆದಿಡಬೇಕು. ಪ್ರಿಂಟರಿಗೂ ಕಾರ್ಡಿಗೂ ಒಂದೇ ನಂಬರ್ ಬಿದ್ದರೆ ಜಗಳ. ಇದನ್ನು ತಪ್ಪಿಸೋಕೆ ವಿಂಡೋಸ್ 95 ಪ್ಲಗ್ ಅಂಡ್ ಪ್ಲೇ ತಂದಿತು.

ಆಮೇಲೆ ಕಾರ್ಡೇ ಮಾಯ ಆಗತೊಡಗಿತು. 1997ರಲ್ಲಿ ಇಂಟೆಲ್ ಎಸಿ 97 ಅನ್ನುವ ಮಾನದಂಡ ಮಾಡಿತು. ದನಿಯ ಚಿಪ್ ಮದರ್‌ಬೋರ್ಡಿಗೇ ಅಂಟಿಕೊಂಡಿತು, ಬೆಲೆ ಇಳಿಯಿತು. ಆದರೆ ಅದರ ಮೂಲ ಲಯ ಸೆಕೆಂಡಿಗೆ 48,000 ಅಳತೆ. 1982ರಲ್ಲಿ ಬಂದ ಸಿಡಿಯ ಲಯ 44,100. ಸಿಡಿ ಲೆಕ್ಕದಲ್ಲಿ ಇಟ್ಟ ಹಾಡನ್ನು ಅಂಥ ಚಿಪ್ಪಿನಲ್ಲಿ ನುಡಿಸಬೇಕಾದರೆ ಪ್ರತಿ 147 ಅಳತೆಯಿಂದ 160 ಅಳತೆ ಲೆಕ್ಕ ಹಾಕಿ ತುಂಬಬೇಕು. ಇದೇ ರೀಸ್ಯಾಂಪ್ಲಿಂಗ್. ಚೆನ್ನಾಗಿ ಮಾಡಿದರೆ ಕಿವಿಗೆ ಗೊತ್ತಾಗುವುದಿಲ್ಲ, ಅವಸರದಲ್ಲಿ ಮಾಡಿದರೆ ದನಿ ಒರಟಾಗುತ್ತದೆ. 2004ರಲ್ಲಿ ಬಂದ ಎಚ್‌ಡಿ ಆಡಿಯೋ ಈ ಬಿಗಿ ಸಡಿಲಿಸಿತು. ಅದರಲ್ಲೂ ಕೆಲಸ ಇಲ್ಲದಾಗ ವಿದ್ಯುತ್ ಉಳಿಸಲು ಚಿಪ್ಪನ್ನು ಮಲಗಿಸಬಹುದು. ಎಷ್ಟು ಬೇಗ ಮಲಗಿಸಬೇಕು ಅನ್ನೋದನ್ನ ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರ್ ತೀರ್ಮಾನಿಸುತ್ತದೆ.

ಇನ್ನು ಮಿಕ್ಸಿಂಗ್. ಹಾಡು, ಸಿನಿಮಾ, ಮೇಲ್ ಬಂದಾಗಿನ ಟಿಣ್ ಎಲ್ಲವನ್ನೂ ಸೇರಿಸಿ ಒಂದೇ ದಾರಿಯಲ್ಲಿ ಕಳಿಸುವ ಕೆಲಸ ಯಾರದು? ಈ ಪ್ರಶ್ನೆಗೆ ಪ್ರತಿ ಕಾಲದಲ್ಲೂ ಬೇರೆ ಉತ್ತರ. ಎಕ್ಸ್‌ಪಿಯಲ್ಲಿ ಅದು ಕರ್ನಲ್ ಒಳಗೇ ಇತ್ತು. 2007ರಲ್ಲಿ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಅದನ್ನು ಹೊರಗೆ ತಂದಿತು. ಅದರ ಜೊತೆ, ಡೈರೆಕ್ಟ್‌ಸೌಂಡ್ ಮೂಲಕ ಆಟಗಳು ನೇರವಾಗಿ ಕಾರ್ಡನ್ನು ದುಡಿಸಿಕೊಳ್ಳುವ ದಾರಿ ಮುಚ್ಚಿತು. ಹಳೆಯ ಆಟಗಳ ಸುತ್ತು ದನಿ ಸಪ್ಪೆಯಾಯ್ತು. ಕೊನೆಗೆ ಕ್ರಿಯೇಟಿವ್ ಕಂಪನಿ ಆಲ್ಕೆಮಿ ಅನ್ನುವ ತಂತ್ರಾಂಶ ಬರೆದು ತನ್ನ ಕಾರ್ಡುಗಳಿಗೆ ಬೇರೆ ದಾರಿ ಮಾಡಿಕೊಟ್ಟಿತು.

ಲಿನಕ್ಸ್ ಕಥೆಯೂ ಇದೇ. ಮೊದಲು ಫಿನ್ಲೆಂಡಿನ ಹನ್ನು ಸವೊಲೈನೆನ್ ಬರೆದ ಓಎಸ್ಎಸ್. ಅದರಲ್ಲಿ ಸಾಮಾನ್ಯ ಕಾರ್ಡುಗಳಲ್ಲಿ ಒಂದು ಪ್ರೋಗ್ರಾಂ ಬಾಗಿಲು ಹಿಡಿದರೆ ಇನ್ನೊಂದು ಹೊರಗೇ ಕಾಯಬೇಕು. ನಂತರ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಶುರು ಮಾಡಿದ ಆಲ್ಸಾ, 2003ರ ಕೊನೆಗೆ 2.6 ಕರ್ನಲ್ ಜೊತೆ ಬಂತು. ಅದರ ಮೇಲೆ ಪಲ್ಸ್ ಆಡಿಯೋ ಕೂತಿತು, 2007ರಲ್ಲಿ ಫೆಡೋರಾ 8ರಲ್ಲಿ, 2008ರಲ್ಲಿ ಉಬುಂಟು 8.04ರಲ್ಲಿ. ಅಪ್‌ಗ್ರೇಡ್ ಮಾಡಿದ ಎಷ್ಟೋ ಜನ ದನಿ ಒಡೆಯುತ್ತದೆ ಅಂತ ತಲೆ ಚಚ್ಚಿಕೊಂಡರು. 2021ರಲ್ಲಿ ಫೆಡೋರಾ 34 ಪೈಪ್‌ವೈರ್‌ಗೆ ಬದಲಾಯ್ತು.

ಈ ಇತಿಹಾಸದಲ್ಲಿ ಒಂದು ಅಂಶ ಗಮನಿಸಿದಿರಾ? ಪ್ರತಿ ಸಲವೂ ಬದಲಾದದ್ದು ಫೈಲಿಗೂ ಸ್ಪೀಕರಿಗೂ ನಡುವಿನ ದಾರಿ. ಫೈಲನ್ನು ಯಾರೂ ಮುಟ್ಟಿಲ್ಲ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅಕ್ಷರವೆಲ್ಲ ಚಿತ್ರಾನ್ನ ಆಗುತ್ತದಲ್ಲ, ಹಾಗೆ. ಕಡತ ಕೆಟ್ಟಿಲ್ಲ, ಓದುವವನು ಬದಲಾಗಿದ್ದಾನೆ. ಅದನ್ನೇ ‘ತಿದ್ದಿ’ ಸೇವ್ ಮಾಡಿದರೆ ಮಾತ್ರ ನಿಜಕ್ಕೂ ಕೆಡುತ್ತದೆ.

ದೀಪಾವಳಿಗೆ ಬೀದರಿಗೆ ಬಂದವನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಒಂದು ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡು ಭಾಲ್ಕಿ ಬಸ್ ಹತ್ತಿದೆ. ಕಾಕಾನ ಮನೆಯಲ್ಲಿ ಒಂದೊಂದೇ ನೋಡುತ್ತಾ ಹೋದೆ.

ಮೊದಲು ಒಂದು ಪದವನ್ನು ಪೆನ್ ಡ್ರೈವಿಗೆ ಹಾಕಿ ನನ್ನ ಲ್ಯಾಪ್‌ಟಾಪಿನಲ್ಲಿ ಕೇಳಿದೆ. ಆಯಿಯ ದನಿ ಸ್ವಚ್ಛ! ಅಂದರೆ ಫೈಲ್ ಸರಿ ಇದೆ. ಆಮೇಲೆ ಕಂಪ್ಯೂಟರಿಗೆ ಹೆಡ್‌ಫೋನ್ ಹಾಕಿದೆ, ಅದೇ ಚರಚರ. ಅಂದರೆ ಸ್ಪೀಕರ್, ವೈರ್ ತಪ್ಪಲ್ಲ (ನನ್ನ ಫೋನ್ ಜ್ಞಾನ ಅಲ್ಲಿಗೆ ಠುಸ್). ಮೂರನೆಯದಾಗಿ ಯುಎಸ್‌ಬಿ ಕಾರ್ಡ್ ಸಿಕ್ಕಿಸಿದೆ. ನುಂಗಿ ಹೋಗುತ್ತಿದ್ದ ಮೊದಲ ಮಾತು ವಾಪಸ್ ಬಂತು, ಚರಚರ ಹಾಗೇ ಉಳಿಯಿತು. ಅಲ್ಲಿಗೆ ಅರ್ಥವಾಯ್ತು, ರೋಗ ಒಂದಲ್ಲ, ಎರಡು.

ಮೊದಲ ಮಾತು ನುಂಗುತ್ತಿದ್ದದ್ದು ಮದರ್‌ಬೋರ್ಡಿನ ಚಿಪ್. ಹೊಸ ಸಿಸ್ಟಂ ಅದನ್ನು ಕೂಡಲೇ ಮಲಗಿಸುತ್ತಿತ್ತು, ಅದು ಎದ್ದು ಕಣ್ಣುಜ್ಜುವಷ್ಟರಲ್ಲಿ ಆಯಿ ಒಂದು ಮಾತು ಹಾಡಿ ಮುಗಿಸಿರುತ್ತಿದ್ದಳು. ಡ್ರೈವರಿನ ಪವರ್ ಸೇವಿಂಗ್ ಆಫ್ ಮಾಡಿದೆ, ಸರಿಹೋಯ್ತು. ಚರಚರಕ್ಕೆ ಕಾರಣ ಬಫರ್. ಬ್ರೌಸರ್ ತೆಗೆದರೆ ಚರಚರ ಜಾಸ್ತಿ ಆಗುತ್ತಿದ್ದದ್ದೇ ಸುಳಿವು. ಹೊಸ ಮಿಕ್ಸರ್ ದನಿಯನ್ನು ತೀರಾ ಸಣ್ಣ ಸಣ್ಣ ತುತ್ತು ಮಾಡಿ ಕಳಿಸುತ್ತಿತ್ತು. ಹಳೆಯ ಪ್ರೊಸೆಸರ್ ಮುಂದಿನ ತುತ್ತು ಸಿದ್ಧ ಮಾಡುವುದರೊಳಗೆ ಮೊದಲಿನದು ಖಾಲಿ, ನಡುವೆ ಚರ್ ಅನ್ನುವ ಸದ್ದು. ಬಫರ್ ನಾಲ್ಕು ಪಟ್ಟು ಮಾಡಿದೆ, ನಿಂತಿತು.

ಖುಷಿಯಿಂದ ಒಂದೊಂದಾಗಿ ಎಲ್ಲ ಪದ ಹಚ್ಚುತ್ತಾ ಹೋದೆವು. ಒಂಬತ್ತು ಸರಿ. ಕೊನೆಯ ಎರಡರಲ್ಲಿ ಆಯಿ ನೀರಿನೊಳಗಿಂದ ಹಾಡಿದ ಹಾಗಿತ್ತು. ಬೀಸುಕಲ್ಲಿನ ಸದ್ದೇ ಇಲ್ಲ.

ಕಾಕಾ ಮೆಲ್ಲಗೆ ಅಂದ: "ಅದರಾಗ ನಾಯ್ಸ್ ತೆಗೆಯೋದು ಒಂದು ಸಿಕ್ತು. ನೀ ಬರೋದು ತಡ ಅಂತ ನಾನೇ ಸ್ವಚ್ಛ ಮಾಡಿ ಸೇವ್ ಮಾಡ್ದೆ."

ಚರಚರ ಫೈಲಿನಲ್ಲಿ ಇರಲೇ ಇಲ್ಲ, ಹಾಗಾಗಿ ತಂತ್ರಾಂಶಕ್ಕೆ ಅದು ಸಿಗಲಿಲ್ಲ. ಫೈಲಿನಲ್ಲಿ ಒಂದೇ ಸಮನೆ ಇದ್ದ ಸದ್ದು ಬೀಸುಕಲ್ಲಿನದು. ಅದನ್ನೇ ಗದ್ದಲ ಅಂತ ತಿಳಿದು ಕೆರೆದು ತೆಗೆಯಿತು, ಜೊತೆಗೆ ಆಯಿಯ ದನಿಯನ್ನೂ ಅಷ್ಟು ಕೆರೆಯಿತು. ಬೇರೆ ಕಾಪಿ ಇರಲಿಲ್ಲ. ತಪ್ಪು ಕಾಕಾನದಲ್ಲ. ಸಿಸ್ಟಂ ಬದಲಿಸುವ ಮೊದಲು ಹನ್ನೊಂದು ಫೈಲನ್ನು ಒಂದು ಪೆನ್ ಡ್ರೈವಿಗೆ ಹಾಕಿಡೋದು ನನ್ನ ಕೆಲಸ ಆಗಿತ್ತು. ಅವನು ಫೋನ್ ಮಾಡಿದಾಗ "ಫೈಲ್ ಮುಟ್ಟಬ್ಯಾಡ ಕಾಕಾ" ಅನ್ನೋ ಒಂದು ಮಾತನ್ನೂ ನಾನು ಹೇಳಲಿಲ್ಲ.

ಮಾರನೇ ದಿನ ಇಬ್ಬರೂ ಔರಾದಿಗೆ ಹೋದೆವು. ಹಳೇ ಮನೆಯ ಟ್ರಂಕಿನಲ್ಲಿ ಆ ಕ್ಯಾಸೆಟ್ ಸಿಕ್ಕಿತು, ಸುರುಳಿಗೆ ಬಿಳಿ ಬೂಷ್ಟು ಹಿಡಿದಿದೆ. ಪ್ಲೇಯರಿಗೆ ಹಾಕಿದರೆ ಹರಿದೀತು ಅಂತ ಹಾಕಿಲ್ಲ. ಒಣ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ತಂದಿದ್ದೇನೆ. ಬೂಷ್ಟು ತೆಗೆದು ಟೇಪ್ ನುಡಿಸಬಲ್ಲವರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಸಿಸ್ಟಂ ಬದಲಿಸುವವರಿಗೆ ನನ್ನದು ಇಷ್ಟೇ ಮಾತು. ಮೊದಲು ಕಾಪಿ ಮಾಡಿ. ದನಿ ಕೆಟ್ಟರೆ ಅದೇ ಫೈಲನ್ನು ಬೇರೆ ಮಷೀನಿನಲ್ಲಿ ಕೇಳಿ. ಆಮೇಲೆ ವೈರು, ಚಿಪ್ಪು, ಡ್ರೈವರು, ಮಿಕ್ಸರು ಅಂತ ದಾರಿ ಹಿಡಿದು ಹೋಗಿ. ಫೈಲನ್ನು ಮಾತ್ರ ಮುಟ್ಟಬೇಡಿ. ಮತ್ತೆ, ಊರಿಂದ ಕಾಕಾನೋ ಅವ್ವನೋ ಫೋನ್ ಮಾಡಿದರೆ ದೀಪಾವಳಿವರೆಗೆ ಕಾಯಿಸಬೇಡಿ.